ಡೆಟ್ರಾಯಿಟ್‌ನ ಹಕ್ಕಿ, ಮೈಸೂರಿನ ವೇಗಿ: ಒಂದೇ ಭುಜದ ಎರಡು ಕತೆ

ಲಿವೋನಿಯಾದಿಂದ ಪೂರ್ವಕ್ಕೆ ಅರ್ಧ ಗಂಟೆ ಕಾರು ಓಡಿಸಿದ್ರೆ ಡೆಟ್ರಾಯಿಟ್‌ನ ಮಿಶಿಗನ್ ಅವೆನ್ಯೂ ಮತ್ತು ಟ್ರಂಬುಲ್ ರಸ್ತೆ ಕೂಡುವ ಮೂಲೆ ಸಿಗುತ್ತೆ. ಹಳೇ ಟೈಗರ್ ಸ್ಟೇಡಿಯಂ ಇದ್ದದ್ದು ಇಲ್ಲೇ. 1976ರ ಜೂನ್ 28ರ ರಾತ್ರಿ ಇಲ್ಲಿ ಸುಮಾರು 48 ಸಾವಿರ ಜನ ಸೇರಿದ್ದರು, 21 ವರ್ಷದ ಗುಂಗುರು ಕೂದಲಿನ ಒಬ್ಬ ಹುಡುಗನನ್ನು ನೋಡೋಕೆ. ಹೆಸರು ಮಾರ್ಕ್ ಫಿಡ್ರಿಚ್, ಅಡ್ಡಹೆಸರು 'ದ ಬರ್ಡ್'. ಚೆಂಡಿನ ಜೊತೆ ಮಾತಾಡುತ್ತಿದ್ದ, ಮಂಡಿಯೂರಿ ಕೂತು ಪಿಚಿಂಗ್ ದಿಬ್ಬದ ಮಣ್ಣನ್ನು ಕೈಯಿಂದಲೇ ಸರಿಮಾಡುತ್ತಿದ್ದ. ಆ ವರ್ಷ 19 ಪಂದ್ಯ ಗೆದ್ದ.

ನನ್ನ ಕಣ್ಣು ಹೋಗೋದು ಇನ್ನೊಂದು ಸಂಖ್ಯೆ ಕಡೆಗೆ. ಅವನು ಶುರುಮಾಡಿದ 29 ಪಂದ್ಯಗಳಲ್ಲಿ 24ನ್ನು ಕೊನೇ ಚೆಂಡಿನವರೆಗೂ ಒಬ್ಬನೇ ಎಸೆದು ಮುಗಿಸಿದ್ದ. ಒಟ್ಟು 250 ಇನ್ನಿಂಗ್ಸ್! ಇವತ್ತಿನ ಯಾವ ತಂಡವೂ 21 ವರ್ಷದ ಹುಡುಗನ ಕೈಯಲ್ಲಿ ಇಷ್ಟು ಎಸೆಸೋದಿಲ್ಲ.

1977ರ ವಸಂತದ ತರಬೇತಿಯಲ್ಲಿ ಅವನ ಮೊಣಕಾಲಿಗೆ ಪೆಟ್ಟಾಯಿತು. ಆಪರೇಷನ್ ಆಗಿ ವಾಪಸ್ ಬಂದ. ಜುಲೈ 4ರಂದು ಬಾಲ್ಟಿಮೋರ್ ತಂಡದ ವಿರುದ್ಧ ಆಡುವಾಗ ತೋಳು ಸತ್ತುಹೋದ ಹಾಗೆ ಅನ್ನಿಸಿತು ಅವನಿಗೆ. ಕಾಲು ನೋವಿಗೆ ಎಸೆಯುವ ಶೈಲಿ ಬದಲಾಗಿ ಭುಜಕ್ಕೆ ಭಾರ ಬಿತ್ತು ಅನ್ನೋದು ಅನೇಕರ ಊಹೆ. ನನಗಂತೂ ಆ 250 ಇನ್ನಿಂಗ್ಸ್ ಮೇಲೂ ಅನುಮಾನ. ಆದರೆ ಒಬ್ಬನೇ ಆಟಗಾರನ ಅಂಕಿ ಇಟ್ಕೊಂಡು ಕಾರಣ ಇದೇ ಅಂತ ಹೇಳೋಕಾಗಲ್ಲ.

ಒಂದು ವಿಚಿತ್ರ ನೋಡಿ. ಅದರ ಹಿಂದಿನ ದಿನ, 1977ರ ಜುಲೈ 3ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ರೇಮಂಡ್ ಡಮಾಡಿಯನ್ ತಂಡ ಎಂಆರ್‌ಐ ಯಂತ್ರದಲ್ಲಿ ಮೊದಲ ಸಲ ಮನುಷ್ಯನ ಇಡೀ ಎದೆಯ ಅಡ್ಡಸೀಳಿನ ಚಿತ್ರ ತೆಗೆದಿತ್ತು. ಆ ಒಂದು ಮಸುಕು ಚಿತ್ರಕ್ಕೆ ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು. ಫಿಡ್ರಿಚ್‌ಗೆ ಬೇಕಾಗಿದ್ದ ಯಂತ್ರ ಆಗಷ್ಟೇ ಕಣ್ಣು ಬಿಡ್ತಾ ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಹರಿದ ಸ್ನಾಯುರಜ್ಜು ಕಾಣಲ್ಲ. 1980ರವರೆಗೆ ಅವನು ಆಗೊಮ್ಮೆ ಈಗೊಮ್ಮೆ ಎಸೆದ, ನೋವು ತಿಂದ, ಕೊನೆಗೆ ಕೆಳಗಿನ ಲೀಗ್‌ಗೆ ಇಳಿದು 1983ರಲ್ಲಿ ಆಟ ಬಿಟ್ಟ. ಒಟ್ಟು ಗೆಲುವು 29. ರೊಟೇಟರ್ ಕಫ್ ಹರಿದಿದೆ ಅಂತ ಡಾ. ಜೇಮ್ಸ್ ಆಂಡ್ರೂಸ್ ಪತ್ತೆ ಮಾಡಿದ್ದು 1985ರಲ್ಲಿ. ಎಂಟು ವರ್ಷ!

ಏನಿದು ರೊಟೇಟರ್ ಕಫ್? ಭುಜದ ಕೀಲು ಅಂದರೆ ಗಾಲ್ಫ್ ಟೀ ಮೇಲೆ ಚೆಂಡು ಕೂತ ಹಾಗೆ. ಗುಂಡು ದೊಡ್ಡದು, ಬಟ್ಟಲು ಚಿಕ್ಕದು. ಅದು ಜಾರದಂತೆ ನಾಲ್ಕು ಸಣ್ಣ ಸ್ನಾಯುಗಳು ಸುತ್ತ ಹಿಡ್ಕೊಂಡಿರುತ್ತವೆ. ಎಸೆಯುವಾಗ ದೊಡ್ಡ ಸ್ನಾಯುಗಳು ಕೈಯನ್ನು ಮುಂದಕ್ಕೆ ನೂಕಿದ್ರೆ, ಚೆಂಡು ಬಿಟ್ಟ ಮರುಕ್ಷಣ ಬ್ರೇಕ್ ಹಾಕೋ ಕೆಲಸದಲ್ಲಿ ದೊಡ್ಡ ಪಾಲು ಈ ಸಣ್ಣವುಗಳದ್ದು. ಅದಕ್ಕೇ ಫಿಸಿಯೋಗಳು ರಬ್ಬರ್ ಪಟ್ಟಿ ಕೊಟ್ಟು ಕೈಯನ್ನು ಹೊರಕ್ಕೆ ತಿರುಗಿಸಿ, ಮತ್ತೆ ನಿಧಾನವಾಗಿ ವಾಪಸ್ ಬಿಡಿ ಅಂತಾರೆ. ಆ 'ನಿಧಾನವಾಗಿ ಬಿಡೋದು' ಬ್ರೇಕಿನ ಅಭ್ಯಾಸ. ಹೊಲಿಗೆ ಹಾಕಿದ್ರೂ ರಕ್ತ ಕಡಿಮೆ ಹರಿಯುವ ಆ ರಜ್ಜು ಮೂಳೆಗೆ ಅಂಟಿಕೊಳ್ಳೋದು ನಿಧಾನ: ಕೆಲವು ವಾರ ಜೋಳಿಗೆಯಲ್ಲಿ ಕೈ, ಆಮೇಲೆ ಬೇರೆಯವರು ಕೈ ಆಡಿಸೋದು, ಆಮೇಲೆ ತಾನೇ ಆಡಿಸೋದು, ಬಲ ಹೆಚ್ಚಿಸೋದು. ಎಸೆತ ಅಂದರೆ ಎಷ್ಟೋ ತಿಂಗಳ ನಂತರದ ಮಾತು.

ಈಗ ಮೈಸೂರಿಗೆ ಬನ್ನಿ. ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್‌ಗೆ 1997ರಲ್ಲಿ ಕೈಕೊಟ್ಟಿದ್ದೂ ಇದೇ ರೊಟೇಟರ್ ಕಫ್. ಆ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ಟೆಸ್ಟ್ ಆಡಲಾಗಲಿಲ್ಲ. (ಬ್ರಿಡ್ಜ್‌ಟೌನ್‌ನಲ್ಲಿ 120 ಹೊಡೆಯಬೇಕಾದಲ್ಲಿ ನಾವು 81ಕ್ಕೆ ಉದುರಿದ ಸರಣಿ ಅದು. ಆ ತಪ್ಪು ಬೌಲರ್‌ಗಳದ್ದಲ್ಲ ಬಿಡಿ.) ಆದರೆ ಅಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಗಾಯ ಪತ್ತೆಯಾಯ್ತು, ಶಸ್ತ್ರಚಿಕಿತ್ಸೆ ಆಯ್ತು, ವ್ಯಾಯಾಮ ಆಯ್ತು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್! ಅವರ 67 ಟೆಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಗಾಯದ ಆಚೆಗಿನವು.

ಅನಿಲ್ ಕುಂಬ್ಳೆ ಅಂದ ಕೂಡಲೇ ನಮಗೆಲ್ಲ ನೆನಪಾಗೋದು 2002ರ ಆಂಟಿಗಾ: ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಲಾರಾನನ್ನು ಔಟ್ ಮಾಡಿದ್ದು. ಮಕ್ಕಳಿಗೂ ಅದನ್ನೇ ಹೇಳ್ತೀವಿ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕತೆ ಅವರ ಭುಜದ್ದು. ಭುಜದ ಆಪರೇಷನ್‌ನಿಂದಾಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಬಿಟ್ಟು ಕೂತರು. 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ವಿರಾಮದ ಮೇಲೆ. ಆದರೆ ರಬ್ಬರ್ ಪಟ್ಟಿ ಎಳೆಯೋದನ್ನು ಯಾರು ಫೋಟೋ ತೆಗೀತಾರೆ?

ಇಲ್ಲಿನ ಲಿಟಲ್ ಲೀಗ್ 2007ರಿಂದ ಇನ್ನಿಂಗ್ಸ್ ಬದಲು ಎಸೆತಗಳನ್ನೇ ಎಣಿಸುತ್ತೆ. 11–12 ವರ್ಷದವರಿಗೆ ದಿನಕ್ಕೆ 85, ಅಷ್ಟೇ. 66 ಮುಟ್ಟಿದ್ರೆ ನಾಲ್ಕು ದಿನ ಎಸೆಯುವಂತಿಲ್ಲ. ಮಗ ಚೆನ್ನಾಗಿ ಎಸೀತಿದ್ದಾಗ ಕೋಚ್ ಬಂದು ಚೆಂಡು ಇಸ್ಕೊಂಡ್ರೆ, ಸ್ಟ್ಯಾಂಡ್‌ನಲ್ಲಿ ಕೂತ ಅಪ್ಪಂದಿರಿಗೆ ಸಿಟ್ಟು ಬರುತ್ತೆ. ಟೈಗರ್ ಸ್ಟೇಡಿಯಂ ಈಗಿಲ್ಲ; ಅದೇ ಮೂಲೆಯಲ್ಲಿ 2018ರಿಂದ ಮಕ್ಕಳ ಮೈದಾನ ಇದೆ. ಫಿಡ್ರಿಚ್ ನಿಂತು ಎಸೆದ ಜಾಗದಲ್ಲಿ ಈಗ ಒಬ್ಬರು ಎಸೆತಗಳನ್ನು ಎಣಿಸ್ತಾ ಕೂತಿರ್ತಾರೆ.