ಅಂಗೈ ಕಂಪ್ಯೂಟರ್ರೂ ನಮ್ಮ ಹರಟೆಯೂ

ಮಳೆ ಹಿಡ್ಕೊಂಡಿದೆ, ತೋಟದ ಕೆಲಸ ಅರ್ಧಕ್ಕೆ ನಿಂತಿದೆ. ಒಲೆ ಮುಂದೆ ಕೂತು ಮಾತಾಡೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ. ಹೋದ ಸಲ ಕಳಲೆ ನೆನೆ ಹಾಕೋದರ ಬಗ್ಗೆ ಬರೆದಿದ್ದೆ. ಈ ಸಲದ್ದು ತಿನ್ನೋ ವಸ್ತು ಅಲ್ಲ. ಆದ್ರೆ ರೊಟ್ಟಿ ತಟ್ಟುವಾಗಲೂ ಪಕ್ಕದಲ್ಲೇ ಇರೋ ವಸ್ತು, ನಮ್ಮ ಫೋನು, ಅದರೊಳಗಿನ ಚಾಟಿಂಗು.

ನಮ್ಮಕ್ಕನ ಮಗಳು ಒಂದು ಪ್ರಶ್ನೆ ಕೇಳಿದ್ಲು. "ಚಿಕ್ಕಮ್ಮ, ವಾಟ್ಸಾಪ್ ಬರೋಕೆ ಮುಂಚೆ ಅಂಗೈಯಲ್ಲಿ ಹಿಡ್ಕೊಂಡು ಚಾಟ್ ಮಾಡೋ ಯಂತ್ರ ಇರ್ಲೇ ಇಲ್ವಾ?" ಇತ್ತು ಕಣ್ರೇ. ಅದರಲ್ಲೂ ನಮ್ಮಂಥೋರಿಗೆ ಅಂತಲೇ, ಕನ್ನಡ ತಿಳಿಯೋ ಹಂಗೆ ಮಾಡಿದ ಒಂದು ಯಂತ್ರ ನಮ್ಮ ಬೆಂಗಳೂರಲ್ಲೇ ಹುಟ್ಟಿತ್ತು. ಅದರ ಕತೆ ನಮ್ಮ ಕಡೆ ಹೆಣ್ಮಕ್ಕಳಿಗೆ ಗೊತ್ತಿರ್ಬೇಕು.

ಮೊದ್ಲು ಚಾಟ್ ಅಂದ್ರೆ ಎಂತದು ಅಂತ ನೋಡಣ. ಈಮೇಲು ಅಂದ್ರೆ ಕಾಗದ ಹಾಕಿದ ಹಂಗೆ, ಅವರು ಯಾವಾಗ ಓದ್ತಾರೋ ಓದ್ಲಿ. ಚಾಟು ಬೇಲಿ ಆಚೆಗೊಬ್ರು ಈಚೆಗೊಬ್ರು ನಿಂತು ಮಾತಾಡಿದ ಹಂಗೆ. ಹಂಗಾಗ್ಬೇಕು ಅಂದ್ರೆ ಇಬ್ರೂ ಒಂದೇ ಹೊತ್ತಲ್ಲಿ ಇಂಟರ್ನೆಟ್ಟಲ್ಲಿ ಇರ್ಬೇಕು, 'ಅವಳು ಇವಾಗ ಇದಾಳೆ' ಅಂತ ಇವಳಿಗೆ ತಿಳೀಬೇಕು. ಹಿಂಗೆ ತಿಳಿಸೋ ಐಸಿಕ್ಯೂ ಅನ್ನೋ ತಂತ್ರಾಂಶ 1996ರಲ್ಲಿ ಇಸ್ರೇಲಿನ ಹುಡುಗ್ರು ಮಾಡಿದ್ರು. 1998ರಲ್ಲಿ ಯಾಹೂದು ಬಂತು. ಮೊದ್ಲು ಅದರ ಹೆಸರು ಯಾಹೂ ಪೇಜರ್, ಆಮೇಲೆ ಮೆಸೆಂಜರ್.

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ. ನಮ್ಮ ಗುಡ್ಡದ ಕಡೆಗೆ ಹತ್ತಿ ಬರೋಕೆ ಇನ್ನೂ ಕೆಲವು ವರ್ಷ ಬೇಕಾಯ್ತು. ಪೇಟೇಲಿ ಸೈಬರ್ ಅಂಗಡಿ ಶುರುವಾದಾಗ ಗಂಟೆ ಲೆಕ್ಕದಲ್ಲಿ ದುಡ್ಡು. ಪ್ಲೈವುಡ್ ಗೂಡಿನೊಳಗೆ ಹುಡುಗ್ರು ಕೂತ್ಕೊಂಡು ಯಾಹೂ ಚಾಟ್ ಮಾಡೋರು. ಹೆಣ್ಮಕ್ಕಳು ಒಳಗೆ ಹೋದ್ರೆ ಎದುರಿಗೆ ನಿಂತೋರು ತಿರುಗಿ ನೋಡೋರು. ರಿಸಲ್ಟ್ ನೋಡೋಕೆ ಅಂತ ಅಣ್ಣನ ಜೊತೆ ಹೋಗಿದ್ದು ಬಿಟ್ರೆ ನಾನೂ ಆ ಮೆಟ್ಲು ಹತ್ತಿದ್ದು ಕಮ್ಮಿ. ತೋಟದ ಮನೆಗಳಲ್ಲಿ ಲ್ಯಾಂಡ್‌ಲೈನ್ ಇತ್ತು ಅಂತ ಇಟ್ಕೊಳ್ಳಿ, ಜೂನಲ್ಲಿ ಮರ ಬಿದ್ರೆ ಫೋನಿನ ತಂತಿಗೆ ಜೀವ ಬರೋಕೆ ದೀಪಾವಳಿ ಆಗ್ತಿತ್ತು.

ಅದೇ ಹೊತ್ತಿಗೆ ಹೊರದೇಶದಲ್ಲಿ ಅಂಗೈ ಕಂಪ್ಯೂಟರ್ ಬಂದಿತ್ತು. 1993ರಲ್ಲಿ ಆಪಲ್ ಕಂಪನಿಯ ನ್ಯೂಟನ್, 1996ರಲ್ಲಿ ಪಾಮ್ ಪೈಲಟ್. ಜೇಬಲ್ಲಿ ಇಡೋ ಯಂತ್ರ, ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಪರದೆ ಮೇಲೆ ಗೀಚಿದ್ರೆ ಅಕ್ಷರ ಮೂಡೋದು. ಪಾಮಿಗೆ ಅಂತಲೇ ಬೇರೆ ಬರವಣಿಗೆ ಕಲೀಬೇಕಿತ್ತು. 'ಎ' ಬರೀಬೇಕು ಅಂದ್ರೆ ನಡುವಿನ ಅಡ್ಡಗೀಟು ಹಾಕಂಗಿಲ್ಲ, ಗುಡಿಸಲಿನ ಸೂರಿನ ಹಂಗೆ ಎರಡು ಓರೆ ಗೆರೆ ಎಳೆದ್ರೆ ಸಾಕು. ಯಂತ್ರ ಮನುಷ್ಯರ ಕೈ ಕಲಿಯೋ ಬದಲು ಮನುಷ್ಯರೇ ಯಂತ್ರದ ಕೈ ಕಲ್ತರು. ಅದೂ ಇಂಗ್ಲಿಷ್ ಥರದ ಅಕ್ಷರಗಳಿಗೆ. ಆ ಪುಟಾಣಿ ಯಂತ್ರಕ್ಕೆ ಬೇರೆ ಮೋಡೆಮ್ ಸಿಕ್ಕಿಸಿ ಫೋನ್ ಲೈನಿಗೆ ಹಾಕಿದ್ರೆ ಮಾತ್ರ ಇಂಟರ್ನೆಟ್ಟು. ತಂತಿ ಕಿತ್ತ ಕೂಡ್ಲೇ ಚಾಟು ಬಂದ್. ನಿಂತಲ್ಲಿ ಕೂತಲ್ಲಿ ಮಾತಾಡೋ ಯಂತ್ರ ಇನ್ನೂ ಅದಾಗಿರ್ಲಿಲ್ಲ.

ಇನ್ನು ನಮ್ಮ ಬೆಂಗಳೂರಿನ ಕತೆಗೆ ಬರ್ತೀನಿ. 1998ರ ಅಕ್ಟೋಬರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಮೇಳದ ಜೊತೆಗೆ ಒಂದು ವಿಚಾರ ಸಂಕಿರಣ ನಡೀತು. ಬಡ ದೇಶದ ಜನಕ್ಕೆ ಕಂಪ್ಯೂಟರ್ ಹೆಂಗೆ ಮುಟ್ಟಿಸ್ಬೇಕು ಅನ್ನೋ ಚರ್ಚೆ. ಅದರಿಂದ ಹುಟ್ಟಿದ್ದೇ ಸಿಂಪ್ಯೂಟರ್. ಸರಳ, ಅಗ್ಗ, ಹಲವು ಭಾಷೆ, ಈ ಮೂರು ಮಾತಿನ ಇಂಗ್ಲಿಷ್ ಅಕ್ಷರ ಸೇರಿಸಿ ಇಟ್ಟ ಹೆಸರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅನ್ನೋ ಮೇಷ್ಟ್ರುಗಳೂ ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮತ್ತೆ ಅವರ ಜೊತೆಗಾರರೂ ಸೇರಿ ಟ್ರಸ್ಟ್ ಮಾಡಿದ್ರು. 2001ರ ಏಪ್ರಿಲಲ್ಲಿ ಮಾದರಿ ಯಂತ್ರ ಜನಕ್ಕೆ ತೋರಿಸಿದ್ರು. ಒಳಗೆ ಲಿನಕ್ಸ್, ಹೊರಗೆ ಒಂದು ಕಡ್ಡಿ, ಅಂಗೈ ಅಗಲದ ಪರದೆ. ಕನ್ನಡ, ಹಿಂದಿ ಬರಹಾನ ಓದಿ ಹೇಳೋ ದನಿಯೂ ಇತ್ತು. ಓದೋಕೆ ಬರದೇ ಇರೋರೂ ಕೇಳಿಸ್ಕೊಳ್ಳಲಿ ಅಂತ.

ಬೆಲೆ ಜಾಸ್ತಿ ಆಯ್ತಲ್ಲ, ಬಡವರು ಹೆಂಗೆ ಕೊಳ್ತಾರೆ ಅನ್ನೋದಕ್ಕೂ ಅವರು ಉಪಾಯ ಮಾಡಿದ್ರು. ಊರಿಗೆ ಒಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡು. ನಮ್ಮ ಕಾರ್ಡ್ ಹಾಕಿದ್ರೆ ನಮ್ಮ ಲೆಕ್ಕ, ಅವರ ಕಾರ್ಡ್ ಹಾಕಿದ್ರೆ ಅವರ ಲೆಕ್ಕ. ಫಸಲಿನ ಧಾರಣೆ, ಪಹಣಿ, ಬ್ಯಾಂಕಿನ ವಿಷಯ ಇದರಲ್ಲಿ ಸಿಗ್ಲಿ ಅನ್ನೋ ಆಸೆ. ನಮ್ಮ ಸರ್ಕಾರ ಜಮೀನಿನ ದಾಖಲೆ ಕೆಲಸಕ್ಕೆ ಸಿಂಪ್ಯೂಟರ್ ಬಳಸಿದ್ದೂ ಉಂಟು.

2004ರ ಏಪ್ರಿಲಲ್ಲಿ ಬಿಇಎಲ್ ಕಾರ್ಖಾನೇಲಿ ತಯಾರಾದ 'ಅಮಿಡಾ' ಸಿಂಪ್ಯೂಟರ್ ಅಂಗಡಿಗೆ ಬಂತು. ಸುಮಾರು 10,000 ರೂಪಾಯಿಂದ ಶುರು, ಬಣ್ಣದ ಪರದೆಯದ್ದಕ್ಕೆ ಸುಮಾರು 20,000. ನನಗೆ ಬಹಳ ಹಿಡಿಸಿದ್ದು ಅದರ ಒಂದು ಗುಣ. ಕಡ್ಡಿಯಿಂದ ಪರದೆ ಮೇಲೆ ನಮ್ಮ ಕೈಬರಹದಲ್ಲೇ ಗೀಚಿ ಅದನ್ನ ಹಂಗೇ ಈಮೇಲಾಗಿ ಕಳಿಸ್ಬಹುದಿತ್ತು. ಕೀಲಿಮಣೆ ಬೇಡ, ಇಂಗ್ಲಿಷ್ ಬೇಡ. ಅಮ್ಮ ಬರೆದ ಕೊಂಬು ಒತ್ತು ಎಲ್ಲ ಅಮ್ಮನ ಕೈಯದ್ದೇ ಆಗಿ ಮಗಳ ಎದುರಿಗೆ ಮೂಡ್ತಿತ್ತು. ಎಂಥಾ ಚಂದದ ಯೋಚನೆ ಅಲ್ವಾ?

ಆದ್ರೆ ಅದು ನಮ್ಮ ಮನೆಗಳಿಗೆ ಬರ್ಲೇ ಇಲ್ಲ. ಮೊದಲ ವರ್ಷವೇ 50,000 ಮಾರಬೇಕು ಅಂತ ಅಂದಾಜಿತ್ತು, 2005ರ ಹೊತ್ತಿಗೆ ಮಾರಿದ್ದು ಸುಮಾರು 4,000. ಯಾಕೆ ಅಂದ್ರೆ, 2003ರಲ್ಲೇ ನೋಕಿಯಾ 1100 ಬಂದಿತ್ತು. ಟಾರ್ಚ್ ಇರೋ ಫೋನು, ನೆನಪಿದೆಯಾ? ಅದರ ಬೆಲೆ ಸಿಂಪ್ಯೂಟರಿನ ಅರ್ಧವೂ ಇರ್ಲಿಲ್ಲ. ಅದೇ ವರ್ಷ ಮೇ ತಿಂಗಳಿಂದ ಮೊಬೈಲಿಗೆ ಬರೋ ಕರೆಗೆ ದುಡ್ಡು ಕೊಡೋದೂ ತಪ್ಪಿತ್ತು. ಕತ್ತಲಲ್ಲಿ ತೋಟದ ದಾರಿ ನಡೆಯೋರಿಗೆ ದೀಪವೂ ಆಯ್ತು, ತೌರುಮನೆ ಕರೆಯೂ ಬಂತು.

ನನಗೆ ಇನ್ನೊಂದು ಕಾರಣವೂ ಕಾಣುತ್ತೆ. ಸಿಂಪ್ಯೂಟರ್ ಮಾಡಿದೋರು ಬಹಳ ಒಳ್ಳೆ ಮನಸ್ಸಿನಿಂದ ಹಳ್ಳಿಗೆ ಮಾಹಿತಿ ಬೇಕು ಅಂದ್ಕೊಂಡ್ರು. ಹಳ್ಳಿ ಹೆಣ್ಮಕ್ಕಳಿಗೆ ಮಾಹಿತಿಗಿಂತ ಮೊದ್ಲು ಬೇಕಿದ್ದಿದ್ದು ಮಾತು. ಮೆಣಸಿನ ಧಾರಣೆ ನೋಡೋಕೆ ಊರಿಗೊಂದು ಯಂತ್ರ ಸಾಕು. ಮಗಳು ಬಾಣಂತನಕ್ಕೆ ಯಾವಾಗ ಬರ್ತಾಳೆ, ಅಳಿಯ ಎಂತ ಅಂದ, ಮನಸ್ಸಿಗೆ ಯಾಕೆ ಬೇಜಾರು, ಇದೆಲ್ಲ ಪಂಚಾಯ್ತಿ ಕಟ್ಟೇಲಿ ನಿಂತು ಗೀಚೋಕಾಗುತ್ತಾ? ಅದಕ್ಕೆ ನಮ್ಮದೇ ಒಂದು ಯಂತ್ರ ಬೇಕು, ಸೆರಗಿನ ಮರೇಲಿ ಇರ್ಬೇಕು.

ಹಂಗಂತ ಮೊಬೈಲ್ ಬಂದ ಕೂಡ್ಲೇ ನಮ್ಮ ಬಾಯಿ ಬಿಟ್ಟುಕೊಳ್ತು ಅಂತ ತಿಳ್ಕೋಬೇಡಿ. ಮೆಸೇಜ್ ಇತ್ತು, ಆದ್ರೆ ಕನ್ನಡ ಅಕ್ಷರ ಹೋಗ್ತಿರ್ಲಿಲ್ಲ. ಹೋದ್ರೂ ಆಚೆ ಫೋನಲ್ಲಿ ಡಬ್ಬಿ ಡಬ್ಬಿ ಕಾಣೋದು. ಒಂದು ಮೆಸೇಜಿಗೆ ಇಂಗ್ಲಿಷಲ್ಲಾದ್ರೆ 160 ಅಕ್ಷರ, ಕನ್ನಡದಲ್ಲಾದ್ರೆ 70 ಮಾತ್ರ. ಅದರಲ್ಲೂ ಒತ್ತು ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. 'ಅಕ್ಕ' ಅಂತ ಬರೆದ್ರೆ ನಾಲ್ಕು ಅಕ್ಷರ ಹೋಯ್ತು. ಹಂಗಾಗಿ ಎಲ್ರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದ್ರು. ಅದರಲ್ಲಿ ಕಲ್ಲೂ ಒಂದೇ, ಕಳ್ಳೂ ಒಂದೇ. ಹಳ್ಳೀನೂ ಒಂದೇ, ಹಲ್ಲೀನೂ ಒಂದೇ. ಕಾಲೇಜು ಓದಿದೋರಿಗೆ ಇದು ತಮಾಷೆ. ಕನ್ನಡ ಶಾಲೇಲಿ ಏಳನೇ ಕ್ಲಾಸ್ ಓದಿ, ದಿನಾ ಪೇಪರ್ ಓದೋ ನಮ್ಮ ಅತ್ತೆಯಂಥೋರು ಫೋನ್ ಎದುರಿಗೆ ಮಾತ್ರ ಅನಕ್ಷರಸ್ಥರಾಗಿಬಿಟ್ರು. ತನಗೆ ಬಂದ ಮೆಸೇಜನ್ನ ಮೊಮ್ಮಗನ ಕೈಲಿ ಓದಿಸ್ಬೇಕು. ಗುಟ್ಟಿನ ಮಾತು ಆಡಂಗಿಲ್ಲ.

ಇದು ಬರೀ ಹರಟೆ ವಿಷಯ ಅಲ್ಲ. ನಮ್ಮ ಸಕಲೇಶಪುರ, ಆಲೂರು ಕಡೆ ಮೆಸೇಜ್ ಅಂದ್ರೆ ಆನೆ ಸುದ್ದಿಯೂ ಹೌದು. ಇವಾಗ ಅರಣ್ಯ ಇಲಾಖೆ, ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅವರ ಜೊತೆ ಸೇರಿ, ಆನೆ ಎಲ್ಲಿ ಇದೆ ಅಂತ ಮೊಬೈಲಿಗೆ ತಿಳಿಸುತ್ತೆ, ರಸ್ತೆ ಬದಿ ಮಿನುಗೋ ಬೋರ್ಡಲ್ಲೂ ಹಾಕುತ್ತೆ. ಇಂಥ ಸುದ್ದಿ ಇಂಗ್ಲಿಷಲ್ಲಿ ಬಂದ್ರೆ ಓದೋದು ಮನೇಲಿ ಕೂತ ಸಾಹುಕಾರ್ರು. ಬೆಳಗ್ಗೆ ಮಂಜಲ್ಲಿ ಬುತ್ತಿ ಹಿಡ್ಕೊಂಡು ಲೈನ್ ಮನೆಯಿಂದ ತೋಟಕ್ಕೆ ನಡೆಯೋಳು ಹೆಣ್ಣಾಳು. ಒಂಟಿ ಸಲಗ ಯಾವ ತಿರುವಲ್ಲಿ ನಿಂತಿದೆ ಅಂತ ಮೊದ್ಲು ಗೊತ್ತಾಗಬೇಕಾದ್ದು ಅವಳಿಗೆ. ಅವಳಿಗೆ ಬರೋ ಅಕ್ಷರದಲ್ಲಿ, ಇಲ್ಲಾಂದ್ರೆ ಅವಳಿಗೆ ತಿಳಿಯೋ ದನಿಯಲ್ಲಿ. ಸಿಂಪ್ಯೂಟರಿಗೆ ಕನ್ನಡದ ದನಿ ಕೊಟ್ಟ ಮೇಷ್ಟ್ರುಗಳು ಹೇಳಿದ್ದೂ ಇದನ್ನೇ ಅಲ್ವಾ?

ಅವರು ಕಂಡ ಕನಸು ಬೇರೆ ದಾರೀಲಿ, ನಿಧಾನಕ್ಕೆ ಬಂತು. ವಾಟ್ಸಾಪ್ 2009ರಲ್ಲಿ ಹುಟ್ಟಿದ್ರೂ 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೇ ಆ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡೋಕೆ ಶುರುವಾಗಿದ್ದು. 2013ರಲ್ಲಿ ಗುಂಡಿ ಒತ್ತಿ ಹಿಡಿದು ದನಿ ಕಳಿಸೋದು ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. ಆಮೇಲೆ ನೋಡಿ, ನಮ್ಮ ಹೆಂಗಸರ ಮಾತಿಗೆ ತಡೆಯೇ ಇಲ್ಲ! ಅಕ್ಷರ ಗೊತ್ತಿರೋರು ಕನ್ನಡದಲ್ಲೇ ಬರೀತಾರೆ, ಗೊತ್ತಿಲ್ಲದೋರು ದನಿ ಕಳಿಸ್ತಾರೆ. ನಮ್ಮ ಅತ್ತೆ ಕಳಿಸೋ ದನೀಲಿ ಹಿಂದೆ ಕುಕ್ಕರ್ ಕೂಗೋದೂ ಕೇಳುತ್ತೆ, ನಾಯಿ ಬೊಗಳೋದೂ ಕೇಳುತ್ತೆ. ದುಬೈಲಿರೋ ನಾದಿನಿಗೆ ಅದೇ ಇಷ್ಟವಂತೆ, ಮನೆಗೆ ಬಂದು ಹೋದ ಹಂಗಾಗುತ್ತಂತೆ.

ಸಿಂಪ್ಯೂಟರ್ ಸೋತಿತು ಅಂತ ಪೇಪರಿನವರು ಬರೆದ್ರು. ಮಾರಾಟದ ಲೆಕ್ಕದಲ್ಲಿ ಸೋತಿದ್ದು ನಿಜ. ಆದ್ರೆ ಯಂತ್ರ ನಮ್ಮ ಭಾಷೆ ಕಲೀಬೇಕು, ನಾವು ಯಂತ್ರದ ಭಾಷೆ ಕಲಿಯೋದಲ್ಲ ಅಂತ ಅಷ್ಟು ಮುಂಚೆಯೇ, ನಮ್ಮ ನೆಲದಲ್ಲೇ ನಿಂತು ಹೇಳಿದ್ದು ಸಣ್ಣ ಮಾತಲ್ಲ. ಅವರು ಹೇಳಿದ್ದರಲ್ಲಿ ಒಂದು ಪಾಲು ನಮ್ಮ ಕೈಲೂ ಇದೆ. ನಿಮ್ಮ ತೋಟದ ಗ್ರೂಪಲ್ಲಿ, ಸಂಘದ ಗ್ರೂಪಲ್ಲಿ ಆನೆ ಸುದ್ದಿಯೋ ಕರೆಂಟ್ ತಂತಿ ಬಿದ್ದ ಸುದ್ದಿಯೋ ಬಂದ್ರೆ ಅದನ್ನ ಕನ್ನಡದಲ್ಲಿ ಬರೀರಿ, ಜೊತೆಗೆ ಬಾಯಲ್ಲೂ ಹೇಳಿ ಕಳಿಸಿ. ಲೈನ್ ಮನೆಗಳಲ್ಲಿ ಯಾರಿಗೆ ಆ ಮೈಕಿನ ಗುರುತು ಒತ್ತೋಕೆ ಬರಲ್ವೋ ಅವರಿಗೆ ಒಂದ್ಸಲ ತೋರಿಸಿಕೊಡಿ. ಐದು ನಿಮಿಷದ ಕೆಲಸ, ಕಾಫಿ ಸೋಸೋ ಹೊತ್ತು ಅಷ್ಟೇ.