ಹರಾಜುಕು, ನಾರಾ, ಕುಣಿಗಲ್: ಒಂದು ರೇಷ್ಮೆ ಎಳೆಯ ಜಾಡು

ಜಪಾನಿಗೆ ಹೋಗಿಬಂದವರು ನಮಗೆ ತೋರಿಸುವ ಫೋಟೋಗಳು ಹೆಚ್ಚಾಗಿ ಎರಡು ಬಗೆಯವು. ಒಂದು, ಟೋಕಿಯೋದ ಹರಾಜುಕು ಬೀದಿಯಲ್ಲಿ ತೆಗೆದವು. ಗುಲಾಬಿ, ನೀಲಿ ಬಣ್ಣದ ಕೂದಲು, ನೆರಿಗೆ ನೆರಿಗೆಯ ಲಂಗ, ಎತ್ತರದ ಬೂಟುಗಳ ಹುಡುಗ ಹುಡುಗಿಯರು ಅಲ್ಲಿ ಗೊಂಬೆಗಳಂತೆ ನಿಂತಿರುತ್ತಾರೆ. ಇನ್ನೊಂದು, ಕ್ಯೋಟೋ, ನಾರಾ ನಗರಗಳ ಹಳೆಯ ಮರದ ದೇವಾಲಯಗಳು. ಇಷ್ಟು ಹೊಸತು ಮತ್ತು ಇಷ್ಟು ಹಳತು ಒಂದೇ ದೇಶದಲ್ಲಿ ಹೇಗೆ ಬದುಕುತ್ತವೆ ಎಂದು ನಾವು ಅಚ್ಚರಿಪಡುತ್ತೇವೆ. ಆ ಅಚ್ಚರಿಯಲ್ಲೇ ಪ್ರವಾಸ ಮುಗಿದುಹೋಗುತ್ತದೆ. ಬೀದಿಗೂ ದೇವಾಲಯಕ್ಕೂ ನಡುವೆ ಒಂದು ಎಳೆ ಇದೆ, ಅದು ರೇಷ್ಮೆಯದು. ಅದನ್ನು ಹಿಡಿದು ನಡೆದರೆ ನಮ್ಮ ತುಮಕೂರು ಜಿಲ್ಲೆಯ ಹಿಪ್ಪುನೇರಳೆ ತೋಟಗಳಿಗೂ ಬಂದು ಮುಟ್ಟುತ್ತೇವೆ.

ಹರಾಜುಕುವಿನಿಂದಲೇ ಹೊರಡೋಣ. ಅಲ್ಲಿನ ಸೊಗಸು ಆಕಾಶದಿಂದ ಉದುರಿದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನನ್ನು ಅಮೆರಿಕದ ಸೇನೆ ಹಿಡಿತದಲ್ಲಿಟ್ಟುಕೊಂಡಿದ್ದಾಗ, ಈ ಬಡಾವಣೆಯ ಪಕ್ಕದಲ್ಲೇ ಸೈನಿಕ ಕುಟುಂಬಗಳಿಗಾಗಿ ವಾಷಿಂಗ್ಟನ್ ಹೈಟ್ಸ್ ಎಂಬ ವಸತಿ ಎದ್ದಿತು. ಅವರಿಗೆ ಬೇಕಾದ ಅಂಗಡಿಗಳು ಸುತ್ತ ತೆರೆದವು. 1964ರ ಒಲಿಂಪಿಕ್ಸ್ ವೇಳೆಗೆ ಆ ಜಾಗ ಕ್ರೀಡಾಪಟುಗಳ ವಸತಿಯಾಯಿತು, ಮುಂದೆ ಯೊಯೋಗಿ ಉದ್ಯಾನವಾಯಿತು. 1977ರಿಂದ ಭಾನುವಾರಗಳಂದು ಇಲ್ಲಿನ ರಸ್ತೆಗೆ ವಾಹನಗಳನ್ನು ಬಿಡುವುದು ನಿಲ್ಲಿಸಿ, ಅದನ್ನು ನಡೆದಾಡುವವರಿಗೆ ಒಪ್ಪಿಸಿದರು. ಮನೆಯಲ್ಲೇ ಹೊಲಿದ ಅಂಗಿಗಳನ್ನು ತೊಟ್ಟು ಯುವಕ ಯುವತಿಯರು ಬೀದಿಗೆ ಬಂದರು. 1998ರಲ್ಲಿ ಆ ಏರ್ಪಾಡು ನಿಂತಿತು. ಈ ಉಡುಪುಗಳ ಚಿತ್ರಗಳಿಗಾಗಿಯೇ ಶೋಯಿಚಿ ಅವೋಕಿ ಎಂಬ ಛಾಯಾಗ್ರಾಹಕರು 1997ರಲ್ಲಿ 'ಫ್ರೂಟ್ಸ್' ಪತ್ರಿಕೆ ಆರಂಭಿಸಿದರು. 2017ರಲ್ಲಿ ಅದನ್ನು ನಿಲ್ಲಿಸುವಾಗ ಅವರು ಕೊಟ್ಟ ಕಾರಣ, ಚಿತ್ರ ತೆಗೆಯುವಂಥ ಉಡುಪಿನ ಮಕ್ಕಳು ಈಗ ಸಿಗುತ್ತಿಲ್ಲ ಎಂಬುದು. ಬೀದಿಯ ಫ್ಯಾಷನ್ನಿಗೂ ಹುಟ್ಟು, ಮುಪ್ಪು ಎರಡೂ ಇವೆ.

ಹರಾಜುಕು ರೈಲು ನಿಲ್ದಾಣದ ಒಂದು ಬದಿಗೆ ಈ ಬೀದಿಗಳಿದ್ದರೆ ಇನ್ನೊಂದು ಬದಿಗೆ ದಟ್ಟ ಮರಗಳ ನಡುವೆ ಮೇಜಿ ದೇಗುಲವಿದೆ. 1920ರಲ್ಲಿ ಕಟ್ಟಿದ ಅದು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ 1958ರಲ್ಲಿ ಮತ್ತೆ ಎದ್ದಿತು. ಅಲ್ಲಿ ಪೂಜೆಗೊಳ್ಳುವವರು ಚಕ್ರವರ್ತಿ ಮೇಜಿ ಮತ್ತು ಆತನ ಪತ್ನಿ ಶೋಕೆನ್. ಜಪಾನಿನ ಉಡುಪು ಬದಲಾದದ್ದು ಇವರ ಕಾಲದಲ್ಲಿ. ಗಂಡಸರು ಜುಟ್ಟು ಕತ್ತರಿಸಿಕೊಳ್ಳಬಹುದೆಂದು 1871ರಲ್ಲಿ ಆಜ್ಞೆಯಾಯಿತು. ಮರುವರ್ಷವೇ ಹೆಂಗಸರು ಕೂದಲು ಕತ್ತರಿಸಿಕೊಳ್ಳಬಾರದೆಂಬ ಆಜ್ಞೆ ಹೊರಟಿತು. ಉಡುಪಿನ ಮೇಲೆ, ಅದರಲ್ಲೂ ಹೆಣ್ಣಿನ ತಲೆಯ ಮೇಲೆ, ಸರ್ಕಾರ ಆಜ್ಞೆ ಹೊರಡಿಸುವುದೆಂದರೆ ಏನೆಂದು 2022ರ ನಂತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. 1886ರಲ್ಲಿ ಶೋಕೆನ್ ತಾನೇ ಪಾಶ್ಚಾತ್ಯ ಉಡುಪು ತೊಟ್ಟು ಜನರೆದುರು ಬಂದಳು. ಮರುವರ್ಷ ಇತರ ಹೆಂಗಸರಿಗೂ ಅದನ್ನು ಶಿಫಾರಸು ಮಾಡಿದಳು. ಜೊತೆಗೆ ಒಂದು ಮಾತು ಸೇರಿಸಿದಳು: ಹೊಲಿಗೆ ಯಾವ ದೇಶದ್ದಾದರೂ ಬಟ್ಟೆ ನಮ್ಮ ನಾಡಿನದಾಗಿರಲಿ.

ಇದೇ ಶೋಕೆನ್ 1871ರಲ್ಲಿ ಅರಮನೆಯ ಆವರಣದಲ್ಲಿ ರೇಷ್ಮೆಹುಳು ಸಾಕುವ ಪದ್ಧತಿಗೆ ಮತ್ತೆ ಜೀವ ಕೊಟ್ಟವಳು. ಆ ಪದ್ಧತಿ ಸಾಮ್ರಾಜ್ಞಿಯಿಂದ ಸಾಮ್ರಾಜ್ಞಿಗೆ ಇಂದಿಗೂ ಸಾಗಿ ಬಂದಿದೆ. ಅರಮನೆಯಲ್ಲಿ ಸಾಕುವ ತಳಿಗಳಲ್ಲಿ ಕೊಯಿಶಿಮಾರು ಎಂಬುದೊಂದು ಹಳೆಯ ತಳಿ. ಗೂಡು ಚಿಕ್ಕದು, ನೂಲು ಸಣ್ಣದು, ಇಳುವರಿ ಕಡಿಮೆ. ಇದನ್ನು ಕೈಬಿಡೋಣ ಎಂಬ ಮಾತು ಬಂದಾಗ ಸಾಮ್ರಾಜ್ಞಿ ಮಿಚಿಕೋ ಬೇಡವೆಂದರು. ಕೆಲವು ವರ್ಷಗಳ ನಂತರ ಆ ಹುಳುವಿಗೆ ಎಲ್ಲಿಂದ ಕರೆ ಬಂತು ಎಂಬುದನ್ನು ತಿಳಿಯಲು ನಾವು ನಾರಾಕ್ಕೆ ಹೋಗಬೇಕು.

ನಾರಾದ ತೊದಾಯಿಜಿ ದೇವಾಲಯದಲ್ಲಿ ಕಂಚಿನ ಮಹಾಬುದ್ಧನಿದ್ದಾನೆ. ಕ್ರಿ.ಶ. 752ರಲ್ಲಿ ಆ ವಿಗ್ರಹಕ್ಕೆ ಕಣ್ಣು ಬರೆಯುವ ಉತ್ಸವ ನಡೆಯಿತು. ಕುಂಚ ಹಿಡಿದು ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಆತನ ಕುಂಚಕ್ಕೆ ಒಂದು ಉದ್ದನೆಯ ನೀಲಿ ರೇಷ್ಮೆ ಹುರಿ ಕಟ್ಟಿದ್ದರು. ನೆರೆದಿದ್ದವರು ಆ ಹುರಿಯನ್ನು ಹಿಡಿದುಕೊಂಡು ಆ ಪುಣ್ಯಕಾರ್ಯದಲ್ಲಿ ಪಾಲುಗೊಂಡರು. ಆ ಹುರಿ ಇನ್ನೂ ಇದೆ! ಸುಮಾರು 200 ಮೀಟರ್ ಉದ್ದದ ಅದು ಅದೇ ದೇವಾಲಯದ ಶೋಸೋಯಿನ್ ಎಂಬ ಮರದ ಭಂಡಾರದಲ್ಲಿ ಸುರಕ್ಷಿತವಾಗಿ ಉಳಿದುಬಂದಿದೆ. 756ರಲ್ಲಿ ಚಕ್ರವರ್ತಿ ಶೋಮು ತೀರಿಕೊಂಡಾಗ ಪತ್ನಿ ಕೋಮ್ಯೋ ಆತನ ವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದ್ದರಿಂದ ಆರಂಭವಾದ ಭಂಡಾರವಿದು. ಈಗ ಇಲ್ಲಿ ಸುಮಾರು 9000 ವಸ್ತುಗಳಿವೆ. ಅವುಗಳಲ್ಲಿ ಇರಾನಿನಲ್ಲಿ ತಯಾರಾದ ಗಾಜಿನ ಬಟ್ಟಲೂ ಒಂದು. ರೇಷ್ಮೆ ದಾರಿಯ ಪೂರ್ವದ ತುದಿ ಇದು ಎಂದು ಹೇಳುವುದು ಸುಮ್ಮನೆ ಅಲ್ಲ.

ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಬಟ್ಟೆಗಳನ್ನು ಮರುಸೃಷ್ಟಿಸಲು ತಜ್ಞರು ಹೊರಟಾಗ ಈಗಿನ ಹೈಬ್ರಿಡ್ ಹುಳುಗಳ ದಪ್ಪ ನೂಲು ಹೊಂದಲಿಲ್ಲ. ಬೇಕಾದಷ್ಟು ಸಣ್ಣ ಎಳೆ ಕೊಡುವುದು ಕೊಯಿಶಿಮಾರು ಮಾತ್ರ ಎಂದು ಕಂಡಿತು. 1994ರಿಂದ ಅರಮನೆಯ ಹುಳುಗಳ ನೂಲು ನಾರಾಕ್ಕೆ ಹೋಗತೊಡಗಿತು. ಹರಾಜುಕುವಿನ ದೇಗುಲದಲ್ಲಿ ಪೂಜೆಗೊಳ್ಳುವ ಹೆಣ್ಣು ಆರಂಭಿಸಿದ ಕೆಲಸ ನಾರಾ ದೇವಾಲಯದ ಹರಿದ ಬಟ್ಟೆಗೆ ಮುಲಾಮಾಯಿತು. ಲಾಭವಿಲ್ಲವೆಂದು ಬಿಸಾಡಿದ್ದರೆ ಅದು ಸಾಧ್ಯವಿತ್ತೇ?

ಈ ಕಥೆ ಕೇಳುವಾಗ ಎಲ್ಲವೂ ಅರಮನೆ, ದೇವಾಲಯಗಳ ದೊಡ್ಡತನವೇ ಎಂದು ತೋರಬಹುದು. ಹಾಗಲ್ಲ. ಜಪಾನ್ ರೇಷ್ಮೆಯಿಂದಲೇ ಹಡಗು, ಯಂತ್ರ, ಕಬ್ಬಿಣ ಕೊಂಡ ದೇಶ. 1859ರಲ್ಲಿ ಯೊಕೊಹಾಮಾ ಬಂದರು ತೆರೆದದ್ದೇ ರೇಷ್ಮೆ ಹೊರದೇಶಗಳಿಗೆ ಹರಿಯಿತು. 1872ರಲ್ಲಿ ಫ್ರಾನ್ಸಿನ ಪಾಲ್ ಬ್ರುನಾ ಎಂಬಾತನ ನೆರವಿನಿಂದ ತೊಮಿಯೋಕಾದಲ್ಲಿ ಸರ್ಕಾರಿ ನೂಲು ಬಿಚ್ಚುವ ಕಾರ್ಖಾನೆ ಎದ್ದಿತು. ಕೆಲಸಕ್ಕೆ ಹುಡುಗಿಯರು ಬರಲೊಲ್ಲರು. ಬಿಳಿಯರು ಕುಡಿಯುವ ಕೆಂಪು ದ್ರಾಕ್ಷಾರಸ ನೋಡಿ, ಅವರು ರಕ್ತ ಹೀರುತ್ತಾರೆಂಬ ಸುದ್ದಿ ಹಬ್ಬಿತ್ತು. ಕೊನೆಗೆ ಕಾರ್ಖಾನೆಯ ಮೇಲ್ವಿಚಾರಕ ತನ್ನ ಮಗಳನ್ನೇ ಮೊದಲು ಕೆಲಸಕ್ಕೆ ಕಳಿಸಿ ಜನರ ಭಯ ಬಿಡಿಸಿದ. ವಾದಾ ಎಯಿ ಎಂಬ ಹೆಣ್ಣುಮಗಳು ತಾನು ಅಲ್ಲಿ ದುಡಿದ ದಿನಗಳನ್ನು ಮುಂದೆ ಬರೆದಿಟ್ಟಳು. ಆದರೆ ಎಲ್ಲ ಕಾರ್ಖಾನೆಗಳೂ ತೊಮಿಯೋಕಾದಂತೆ ಇರಲಿಲ್ಲ. ಬಡ ರೈತರ ಹೆಣ್ಣುಮಕ್ಕಳು ನೊಮುಗಿ ಎಂಬ ಹಿಮದ ಕಣಿವೆ ದಾಟಿ ಸುವಾ ಸರೋವರದ ಸುತ್ತಲ ಖಾಸಗಿ ಕಾರ್ಖಾನೆಗಳಿಗೆ ಹೋದರು. ಕುದಿಯುವ ನೀರಿನ ತೊಟ್ಟಿಗಳ ಮುಂದೆ ದಿನವಿಡೀ ನಿಂತು ದುಡಿದ ಎಷ್ಟೋ ಜನ ಕ್ಷಯ ಹತ್ತಿಸಿಕೊಂಡು ಮರಳಿದರು. 20ನೇ ಶತಮಾನದ ಆರಂಭದಲ್ಲಿ ಜಪಾನ್ ಚೀನಾವನ್ನು ಹಿಂದಿಕ್ಕಿ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಗತ್ತಿಗೇ ಮೊದಲಾದದ್ದು ಈ ಹುಡುಗಿಯರ ಬೆರಳುಗಳಿಂದ.

ಈ ವ್ಯಾಪಾರದ ಬೆನ್ನ ಮೇಲೆ ನಮ್ಮವರೂ ಜಪಾನ್ ತಲುಪಿದರು. ಯೊಕೊಹಾಮಾ, ಕೋಬೆ ಬಂದರುಗಳಲ್ಲಿ ಭಾರತೀಯ ಬಟ್ಟೆ ವರ್ತಕರು ನೆಲೆಸಿದರು. 1923ರ ಭೂಕಂಪ ಯೊಕೊಹಾಮಾವನ್ನು ನೆಲಸಮ ಮಾಡಿದಾಗ ಅವರಲ್ಲಿ ಹಲವರು ಕೋಬೆಗೆ ಹೋದರು. ಅಲ್ಲಿ 1935ರಲ್ಲಿ ಜಪಾನಿನ ಮೊದಲ ಮಸೀದಿ ತೆರೆಯಿತು. ಭಾರತದ ಮುಸ್ಲಿಂ ವರ್ತಕರು, ರಷ್ಯಾದ ಕ್ರಾಂತಿಯ ನಂತರ ಓಡಿಬಂದಿದ್ದ ತಾತಾರರು, ಅರಬರು ಸೇರಿ ಹಣ ಕೂಡಿಸಿ ಕಟ್ಟಿಸಿದ್ದು. 1945ರ ಬಾಂಬುಗಳಿಗೂ 1995ರ ಭೂಕಂಪಕ್ಕೂ ಜಗ್ಗದೆ ಅದು ನಿಂತಿದೆ. ಟೋಕಿಯೋದಲ್ಲಿ ತಾತಾರರು 1938ರಲ್ಲಿ ಕಟ್ಟಿದ ಮಸೀದಿ 1986ರಲ್ಲಿ ಶಿಥಿಲವಾಗಿ ಕೆಡವಲ್ಪಟ್ಟು 2000ದಲ್ಲಿ ತುರ್ಕಿ ಶೈಲಿಯಲ್ಲಿ ಮತ್ತೆ ಎದ್ದಿತು. ಅದು ಹರಾಜುಕುವಿಗೆ ಬಹಳ ದೂರವೇನಲ್ಲ. ಇವೆಲ್ಲಕ್ಕೂ ಮೊದಲೇ, 1909ರಲ್ಲಿ, ಭೋಪಾಲದ ಮೌಲವಿ ಬರ್ಕತುಲ್ಲಾ ಟೋಕಿಯೋದ ವಿದೇಶಿ ಭಾಷೆಗಳ ಶಾಲೆಯಲ್ಲಿ ಉರ್ದು ಕಲಿಸಲು ಹೋಗಿದ್ದರು. ದೇವಾಲಯಗಳ ಪಟ್ಟಿ ಹಿಡಿದು ಹೊರಡುವ ಪ್ರವಾಸಿಗಳು ಈ ಮಸೀದಿಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು.

ನಮ್ಮ ಮೈಸೂರಿನ ಕಣ್ಣು ಜಪಾನಿನ ಮೇಲೆ ಬಿದ್ದದ್ದೂ ಇದೇ ಕಾಲದಲ್ಲಿ. 1893ರಲ್ಲಿ ಜಪಾನಿಗೆ ಹೋಗಿದ್ದ ಜಮ್ಷೇಟ್‌ಜಿ ಟಾಟಾ ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ಆರಂಭಿಸಿ, ಹುಳು ಸಾಕುವ, ನೂಲು ಬಿಚ್ಚುವ ವಿದ್ಯೆ ಕಲಿಸಲು ಜಪಾನಿ ತಜ್ಞರನ್ನು ಕರೆಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇನ್ನೂ ಉಳಿದಿದೆ, ತೋಟವಿಲ್ಲ. 1898ರಲ್ಲಿ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋದರು. ಅವರ ಕಣ್ಣಿಗೆ ಮುಖ್ಯವಾದದ್ದು ಅಲ್ಲಿನ ಶಾಲೆ ಮತ್ತು ಕಾರ್ಖಾನೆ. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಶಿಕ್ಷಣ, ಕೈಗಾರಿಕೆಗಳ ಮೇಲೆ ಇಟ್ಟ ಒತ್ತಿನ ಹಿಂದೆ ಆ ಪ್ರವಾಸದ ನೆನಪಿತ್ತು.

ಆದರೆ ಮೈಸೂರಿಗೆ ರೇಷ್ಮೆ ಬಂದದ್ದು ಇವರಿಂದಲ್ಲ. ಅದಕ್ಕೂ ನೂರು ವರ್ಷ ಮೊದಲು, 1780ರ ದಶಕದಲ್ಲಿ, ಟಿಪ್ಪು ಸುಲ್ತಾನ್ ಬಂಗಾಳದಿಂದ, ಮಸ್ಕತ್‌ನಿಂದ ಹುಳುಗಳನ್ನೂ ಸಾಕಣೆ ಬಲ್ಲವರನ್ನೂ ತರಿಸಲು ಪತ್ರ ಬರೆಸಿದ್ದ. ಹೀಗೆ ನೆಲೆಗೊಂಡು ಇಲ್ಲಿನ ಹವೆಗೆ ಒಗ್ಗಿದ ಹುಳುವೇ ಇಂದಿನ 'ಮೈಸೂರು ತಳಿ'. ತಿಳಿಹಸಿರು ಹಳದಿಯ ಪುಟ್ಟ ಗೂಡು. ಎಳೆಯ ಉದ್ದ ಸುಮಾರು 400 ಮೀಟರ್ ಅಷ್ಟೇ. ದ್ವಿತಳಿಯ ಬಿಳಿ ಗೂಡಿನಿಂದ 1000 ಮೀಟರಿನಷ್ಟು ಬಿಚ್ಚಬಹುದು. ಆದರೂ ಬಿಸಿಲು, ರೋಗ ಎರಡನ್ನೂ ತಾಳಿಕೊಳ್ಳುವುದು ಈ ಬಡಹುಳುವೇ.

ನಮ್ಮ ಮರಳೂರಿನಿಂದ ಕುಣಿಗಲ್ ದಾರಿ ಹಿಡಿದರೆ ಈ ತಳಿಯ ಸೀಮೆ ಸಿಗುತ್ತದೆ. ಕುಣಿಗಲ್, ಮಾಗಡಿ ಸುತ್ತಲಿನ ಊರುಗಳು ಮೈಸೂರು ತಳಿಯ ಬಿತ್ತನೆ ವಲಯ. ಇಲ್ಲಿನ ರೈತರು ನೂಲಿಗಾಗಿ ಅಲ್ಲ, ಮೊಟ್ಟೆಗಾಗಿ ಗೂಡು ಬೆಳೆಯುತ್ತಾರೆ. ಬಿತ್ತನೆ ಕೇಂದ್ರಗಳಲ್ಲಿ ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನು ದ್ವಿತಳಿ ಗಂಡಿನೊಂದಿಗೆ ಕೂಡಿಸುತ್ತಾರೆ. ಆ ಗಂಡು ಬಹುಕಾಲ ಜಪಾನಿನಿಂದಲೇ ಬಂದ ಸಿ. ನಿಚಿ ತಳಿಯದಾಗಿತ್ತು. 1991ರಿಂದ 2007ರವರೆಗೆ ಜಪಾನಿನ ಸಹಕಾರ ಸಂಸ್ಥೆ ಜೈಕಾದ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ದುಡಿದರು. ಆ ಕಾಲದಲ್ಲಿ ಜಪಾನಿ ಮೂಲದ ಹುಳುಗಳಿಂದ ಸಿಎಸ್‌ಆರ್ ತಳಿಗಳು ರೂಪುಗೊಂಡವು. ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ಗೂಡಿನ ತಾಯಿಯ ಕಡೆಯವರು ಕುಣಿಗಲ್, ಮಾಗಡಿಯವರು, ತಂದೆಯ ಕಡೆಯವರು ಜಪಾನಿನವರು. ಕೊಯಿಶಿಮಾರುವನ್ನು ಒಂದು ಅರಮನೆ ಉಳಿಸಿತು. ಮೈಸೂರು ತಳಿಯನ್ನು ಹೆಸರಿಲ್ಲದ ರೈತ ಕುಟುಂಬಗಳು ಉಳಿಸಿಕೊಂಡು ಬಂದಿವೆ.

ಗೂಡಿನಿಂದ ನೂಲು ಬಿಚ್ಚುವವರ ಹೆಸರು ಇನ್ನೂ ಮರೆಯಲ್ಲಿದೆ. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟ, ಕೊಳ್ಳೇಗಾಲಗಳಲ್ಲಿ ಬಿಚ್ಚಾಣಿಕೆಯ ಕಸುಬು ಬಹುಪಾಲು ಮುಸ್ಲಿಮರ ಕೈಯಲ್ಲಿದೆ. ಗಂಡಸರು ರೇಷ್ಮೆ ಉಡುವುದು ನಮ್ಮ ಧರ್ಮದಲ್ಲಿ ನಿಷಿದ್ಧ. ಅದು ಸ್ವರ್ಗದ ಉಡುಪು. ತಾವು ಉಡದ ನೂಲನ್ನು ತಲೆಮಾರುಗಳಿಂದ ಬಿಚ್ಚಿಕೊಟ್ಟವರು ಇವರು. ನಾಡಿನ ಮದುವೆಗಳ ಧಾರೆ ಸೀರೆಯಲ್ಲಿ, ದೇವಿಗೆ ಉಡಿಸುವ ಸೀರೆಯಲ್ಲಿ ಇವರ ಬೆರಳ ಗುರುತಿದೆ. ಆ ಬೆರಳುಗಳು ಬಿಸಿನೀರಿನಲ್ಲಿ ಬೆಂದು ಬಿಳಿಚಿರುತ್ತವೆ. ಹುಳುವಿನ ವಾಸನೆ, ಹಬೆಯಿಂದ ಬರುವ ಉಬ್ಬಸ ಈ ಮನೆಗಳಿಗೆ ಹೊಸತಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ತೊಟ್ಟಿಗಳ ಮುಂದೆ ಮುಂಗಡ ಹಣಕ್ಕೆ ಒತ್ತೆಬಿದ್ದ ಮಕ್ಕಳೂ ದುಡಿದಿದ್ದಾರೆ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇತ್ತು. ದುಡಿಸಿದವರಲ್ಲೂ ದುಡಿದವರಲ್ಲೂ ನಮ್ಮವರಿದ್ದರು. ನೊಮುಗಿ ಕಣಿವೆ ದಾಟಿದ ಹುಡುಗಿಯರಿಗೆ ಮರುಗುವ ನಾವು ನಮ್ಮ ಓಣಿಯ ಮಕ್ಕಳ ಮುಂದೆ ಮುಖ ತಿರುಗಿಸುವುದು ನ್ಯಾಯವಲ್ಲ.

ಜಪಾನಿನಲ್ಲಿ ಇಂದು ರೇಷ್ಮೆ ಬೇಸಾಯ ಬಹುತೇಕ ಮುಗಿದ ಕಥೆ. 1930ರ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ರೈತ ಕುಟುಂಬಗಳು ಹುಳು ಸಾಕುತ್ತಿದ್ದವು. ನೈಲಾನ್ ಬಂತು, ಯುದ್ಧ ಬಂತು. ಈಗ ಕೆಲವೇ ಕುಟುಂಬಗಳು ಉಳಿದಿವೆ. ಕ್ಯೋಟೋದ ದೇವಾಲಯಗಳ ಮುಂದೆ ಪ್ರವಾಸಿಗರು ಬಾಡಿಗೆಗೆ ತೊಟ್ಟು ಫೋಟೋ ತೆಗೆಸಿಕೊಳ್ಳುವ ಕಿಮೋನೋಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್. ಕಸುಬು ಹೋಯಿತು, ಆದರೆ ಅದರ ನೆನಪನ್ನು ಅವರು ಕಳೆದುಕೊಳ್ಳಲಿಲ್ಲ. 1987ರಲ್ಲಿ ಮುಚ್ಚಿದ ತೊಮಿಯೋಕಾ ಕಾರ್ಖಾನೆಯನ್ನು ಕೆಡವದೆ ಕಾಪಾಡಿದರು. 2014ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ದುಡಿದ ಹೆಣ್ಣುಮಗಳ ಬರಹ ಪುಸ್ತಕವಾಗಿ ಉಳಿಯಿತು. ದೇವಾಲಯದ ಭಂಡಾರದಲ್ಲಿ ಹುರಿ ಉಳಿಯಿತು.

ನಮ್ಮಲ್ಲಿ ಇದಕ್ಕೆ ತಿರುಗುಮುರುಗು. ಕಸುಬು ಇನ್ನೂ ಉಸಿರಾಡುತ್ತಿದೆ, ನೆನಪಿಗೆ ಮಾತ್ರ ಜಾಗವಿಲ್ಲ. ಚರಕದಿಂದ ಬೇಸಿನ್ನಿಗೆ, ಅಲ್ಲಿಂದ ಸ್ವಯಂಚಾಲಿತ ಯಂತ್ರಗಳಿಗೆ ಬಿಚ್ಚಾಣಿಕೆ ಸಾಗುತ್ತಿದೆ. ಹಳೆಯ ಚರಕಗಳು ಸೌದೆಯಾಗುತ್ತಿವೆ. ಎಳೆ ತುಂಡಾದಾಗ ಕಣ್ಣು ಮುಚ್ಚಿಕೊಂಡೇ ತುದಿ ಹುಡುಕಬಲ್ಲ ಅಜ್ಜಿಯರ ಮಾತುಗಳನ್ನು ಬರೆದಿಟ್ಟುಕೊಂಡವರು ಎಷ್ಟು ಮಂದಿ? ಈ ಸಮುದಾಯ ನಾಡಿಗೆ ಏನು ಕೊಟ್ಟಿದೆ ಎಂದು ಕೇಳುವವರು ಇಂದು ಹೆಚ್ಚಾಗಿದ್ದಾರೆ. ಅವರಿಗೆ ಉತ್ತರ ಕೊಡಲು ಭಾಷಣ ಬೇಕಿಲ್ಲ, ದಾಖಲೆ ಬೇಕು. ರಾಮನಗರದಲ್ಲೋ ಕುಣಿಗಲ್ಲಿನಲ್ಲೋ ಒಂದು ಸಣ್ಣ ಕೋಣೆಯಾದರೂ ಸರಿ, ಅಲ್ಲಿ ಒಂದು ಚರಕ, ಒಂದು ಚಂದ್ರಿಕೆ, ಬಿಚ್ಚಿದವರ, ಬೆಳೆದವರ ಹೆಸರುಗಳು ಇರಲಿ. ದುಡಿದ ಮಕ್ಕಳ ಹೆಸರುಗಳೂ ಇರಲಿ.

ಬೋಧಿಸೇನನ ಕುಂಚಕ್ಕೆ ಕಟ್ಟಿದ ಹುರಿಯನ್ನು ಅಂದು ಹಿಡಿದವರು ಹಲವರು. ಆ ಹುರಿಗೆ ನೂಲು ಬಿಚ್ಚಿದ ಕೈ ಯಾರದೆಂದು ನಾರಾದ ಭಂಡಾರವೂ ಹೇಳಲಾರದು. ನಮ್ಮ ಕಾಲದ ಕೈಗಳು ಕಣ್ಣೆದುರಿಗೇ ಇವೆ, ಕೇಳಿದರೆ ಹೆಸರನ್ನೂ ಹೇಳುತ್ತವೆ.