ಬೆನ್ನುಬೆನ್ನಿಗೆ ಎರಡು ಏಟು: ನಮ್ಮ ಟೀಮಿನ ಚರಿತ್ರೆಯಲ್ಲಿ ಯಾವುದು ದೊಡ್ಡದು?

ಇವತ್ತು ರಾಜಮನೆತನ ಇಲ್ಲ, ಶಾಸನ ಇಲ್ಲ. ಇವತ್ತಿನದು ಕ್ರಿಕೆಟ್ಟು. ಆದರೆ ಕೊನೆಗೆ ಹೋಗಿ ಮುಟ್ಟುವುದು 1956 ಮತ್ತು 1973ಕ್ಕೇ, ಹಾಗಾಗಿ ಇತಿಹಾಸ ಬಿಟ್ಟು ಹೋದೆ ಅಂತ ಯಾರೂ ಬೈಯಬೇಡಿ.

ಮಲ್ಕಾಜ್‌ಗಿರಿಯಲ್ಲಿ ನಾವು ಹತ್ತು ಹನ್ನೆರಡು ಕನ್ನಡದ ಮನೆಗಳವರು ಇದ್ದೇವೆ. ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರ್, ಹೀಗೆ ಎಲ್ಲ ಕಡೆಯವರು. ಹೆಚ್ಚಿನವರು ಸಾಫ್ಟ್‌ವೇರ್. ಉಪ್ಪಲ್ ಸ್ಟೇಡಿಯಂ ಹತ್ತಿರವೇ ಇರುವುದರಿಂದ ಮ್ಯಾಚ್ ಇದ್ದ ದಿನ ಹಬ್ಸಿಗುಡ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದೂ ನಾವೇ, ಆಮೇಲೆ ಮನೆಗೆ ಬಂದು ವಾದ ಮಾಡುವುದೂ ನಾವೇ. ಈಚೆಗೆ ಎದ್ದ ವಾದ ಇದು: ನಮ್ಮ ಟೀಮಿನ ಚರಿತ್ರೆಯಲ್ಲಿ ಬೆನ್ನುಬೆನ್ನಿಗೆ ನಡೆದ ಎರಡು ಆಟಗಳಲ್ಲಿ ಅತಿ ದೊಡ್ಡ ಜೋಡಿ ಯಾವುದು? ಒಂದು ಏಟು ಅಲ್ಲ. ಒಂದರ ಹಿಂದೆ ಒಂದು, ಎರಡು.

ಮೊದಲ ಉತ್ತರ ಎಲ್ಲರ ಬಾಯಲ್ಲೂ ಒಂದೇ. 9 ಮಾರ್ಚ್ 1996, ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್, ಆಮೀರ್ ಸೊಹೇಲ್. ಹದಿನೈದನೇ ಓವರ್.

ಹಿನ್ನೆಲೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಭಾರತ 287 ಹೊಡೆದಿತ್ತು. ಸಿಧು 93, ಕೊನೆಯಲ್ಲಿ ಅಜಯ್ ಜಡೇಜ 25 ಬಾಲ್‌ಗೆ 45. ಒಳ್ಳೇ ಸ್ಕೋರು ಅಂದುಕೊಂಡು ಕೂತರೆ ಸಯೀದ್ ಅನ್ವರ್ ಮತ್ತು ಸೊಹೇಲ್ ಹತ್ತು ಓವರ್‌ಗೆ 84 ಬಾರಿಸಿಬಿಟ್ಟರು. ಅನ್ವರ್ 48ಕ್ಕೆ ಹೋದ. ಶ್ರೀನಾಥ್ ಬಾಲು, ಕುಂಬ್ಳೆ ಕ್ಯಾಚು. ಸೊಹೇಲ್ ಮಾತ್ರ ನಿಂತ. ವಾಸಿಂ ಅಕ್ರಂ ಗಾಯಗೊಂಡಿದ್ದರಿಂದ ಆವತ್ತು ಅವನೇ ಕ್ಯಾಪ್ಟನ್. ಪ್ರಸಾದ್ ಬಾಲನ್ನು ಆಫ್ ಸೈಡಿಗೆ ಬೀಸಿ ಬೌಂಡರಿಗೆ ಕಳಿಸಿದ. ಕಳಿಸಿ ಸುಮ್ಮನಿರದೆ ಬ್ಯಾಟ್ ಎತ್ತಿ ಬೌಂಡರಿ ಕಡೆ ತೋರಿಸಿದ, ಮುಂದಿನದೂ ಅಲ್ಲಿಗೇ ಅನ್ನುವ ಹಾಗೆ. ಮುಂದಿನ ಬಾಲು ಆಫ್ ಸ್ಟಂಪಿನ ಬುಡಕ್ಕೆ. ಪ್ರಸಾದ್ ಪೆವಿಲಿಯನ್ ದಾರಿ ತೋರಿಸಿದ. ಬಾಯಲ್ಲಿ ಏನು ಹೇಳಿದ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ, ನಿಮಗೆಲ್ಲ ಗೊತ್ತೇ ಇದೆ.

ಈ ಜೋಡಿ ಯಾಕೆ ಇಷ್ಟು ರುಚಿ? ನನ್ನ ಲೆಕ್ಕದಲ್ಲಿ, ಇದರ ಮೊದಲನೇ ಭಾಗ ನಮ್ಮದಲ್ಲ, ಎದುರಾಳಿಯದು. ಮೊದಲು ಅವಮಾನ, ಒಂದೇ ನಿಮಿಷದಲ್ಲಿ ಉತ್ತರ. ಎರಡೂ ನಾವೇ ಹೊಡೆದ ಏಟಾಗಿದ್ದರೆ ಅಷ್ಟು ಕಥೆ ಆಗುತ್ತಿರಲಿಲ್ಲ. ಸೊಹೇಲ್ ಬ್ಯಾಟ್ ತೋರಿಸದೆ ಸುಮ್ಮನೆ ನಿಂತಿದ್ದರೆ ಅದು ಸ್ಕೋರ್ ಕಾರ್ಡಿನಲ್ಲಿ ಮತ್ತೊಂದು ವಿಕೆಟ್ಟು, ಅಷ್ಟೆ.

ಆದರೆ ಸ್ಕೋರ್ ಕಾರ್ಡನ್ನೇ ಬಿಡಿಸಿ ನೋಡಿ. ಸೊಹೇಲ್ ಔಟಾದಾಗ ಪಾಕಿಸ್ತಾನ 113ಕ್ಕೆ 2. ನಿಧಾನ ಓವರ್ ರೇಟಿನ ದಂಡವಾಗಿ ಒಂದು ಓವರ್ ಕಳೆದುಕೊಂಡು ಅವರಿಗಿದ್ದದ್ದು 49 ಓವರ್. ಅಂದರೆ ಇನ್ನೂ 34 ಓವರ್ ಇದ್ದವು, ಎಂಟು ವಿಕೆಟ್ ಇದ್ದವು, ಬೇಕಿದ್ದದ್ದು 175. ಮ್ಯಾಚ್ ಅಲ್ಲಿಗೆ ಮುಗಿದಿರಲಿಲ್ಲ. ಮುಗಿಸಿದ್ದು ಆಮೇಲೆ ಪ್ರಸಾದ್ ತೆಗೆದ ಇಜಾಜ್ ಮತ್ತು ಇಂಜಮಾಮ್ ವಿಕೆಟ್ಟು, ಕುಂಬ್ಳೆಯ ಮೂರು ವಿಕೆಟ್ಟು. ಅವು ಯಾರಿಗೂ ನೆನಪಿಲ್ಲ. ಗೆದ್ದದ್ದು 39 ರನ್ನಿಂದ.

ನಮ್ಮ ಮಂಡ್ಯದವರು ಇಷ್ಟಕ್ಕೇ ತೀರ್ಪು ಕೊಟ್ಟು ಎದ್ದು ಹೊರಟಿದ್ದರು. ರಾಯಚೂರಿನ ಗೆಳೆಯ ಬಿಡಲಿಲ್ಲ. "ಏನ್ ಮಾತಾಡ್ತೀರಿ ಸರ್, ಅದು ಇಂಡಿಯಾ ಟೀಮ್. ನಾವು ಕೇಳ್ಲಿಕತ್ತಿದ್ದು ಕರ್ನಾಟಕ ಟೀಮಿಂದು."

ಮಾತು ಸರಿ. ಬೌಲರ್ ನಮ್ಮವನು, ಗ್ರೌಂಡು ನಮ್ಮದು, ಜೊತೆಗೆ ಬೌಲ್ ಮಾಡುತ್ತಿದ್ದ ಶ್ರೀನಾಥ್, ಕುಂಬ್ಳೆ ಇಬ್ಬರೂ ನಮ್ಮವರೇ. ಆದರೆ ಟೀಮ್ ನಮ್ಮೊಬ್ಬರದಲ್ಲ. ಅದೇ ನಿಯಮದ ಪ್ರಕಾರ 7 ಫೆಬ್ರವರಿ 1999ರ ದೆಹಲಿಯೂ ಹೋಯಿತು. ಅಲ್ಲಿ ಕುಂಬ್ಳೆ 101 ರನ್ ಆದಾಗ ಅಫ್ರಿದಿಯನ್ನು ತೆಗೆದು, ಮರುಬಾಲಿಗೇ ಇಜಾಜ್ ಅಹ್ಮದನನ್ನು ಎಲ್‌ಬಿಡಬ್ಲ್ಯು ಮಾಡಿದ್ದು. ಅಲ್ಲಿಂದ ಶುರುವಾದದ್ದು 74 ರನ್‌ಗೆ 10 ವಿಕೆಟ್‌ನಲ್ಲಿ ನಿಂತಿತು. ಕೊನೆಯ ವಿಕೆಟ್ಟು ಕುಂಬ್ಳೆಗೇ ಸಿಗಲಿ ಅಂತ ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿಗೆ ದೂರ ದೂರ ಹಾಕಿದ್ದು, ಕ್ಯಾಚ್ ಹಿಡಿದದ್ದು ಹೈದರಾಬಾದಿನ ಲಕ್ಷ್ಮಣ್. ಈ ಕೊನೆಯದನ್ನು ಇಲ್ಲಿನ ತೆಲುಗು ಗೆಳೆಯರು ಪ್ರತಿಸಲ ಜ್ಞಾಪಿಸುತ್ತಾರೆ. ಸರಿ, ಕೊಟ್ಟೆವು.

ಹಾಗಾದರೆ ಬರೀ ಕರ್ನಾಟಕ. ಅಲ್ಲೂ ಸರಕು ಕಡಿಮೆ ಇಲ್ಲ.

29 ನವೆಂಬರ್ 2019, ಸೂರತ್, ಸೈಯದ್ ಮುಷ್ತಾಕ್ ಅಲಿ ಸೆಮಿಫೈನಲ್. ಹರಿಯಾಣದ ವಿರುದ್ಧ ಕೊನೆಯ ಓವರ್ ಅಭಿಮನ್ಯು ಮಿಥುನ್. ಸತತ ನಾಲ್ಕು ಬಾಲ್‌ಗೆ ನಾಲ್ಕು ವಿಕೆಟ್, ನಂತರ ಒಂದು ವೈಡು, ಒಂದು ಸಿಂಗಲ್ಲು, ಮತ್ತೆ ವಿಕೆಟ್. ಒಂದೇ ಓವರ್‌ನಲ್ಲಿ ಐದು. ಬೆನ್ನುಬೆನ್ನಿಗೆ ಅನ್ನುವ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ಶಿವಮೊಗ್ಗದವನ ಪ್ರಶ್ನೆ. ನನಗೆ ಇದು ಒಪ್ಪಿಗೆ ಇಲ್ಲ. ಓವರ್ ಶುರುವಾದಾಗ ಹರಿಯಾಣ 192ಕ್ಕೆ 3, ಮುಗಿದಾಗ 194ಕ್ಕೆ 8. ಹೊಡೆಯಬೇಕಾದದ್ದನ್ನು ಅವರು ಆಗಲೇ ಹೊಡೆದಾಗಿತ್ತು. ದೇವದತ್ತ ಪಡಿಕ್ಕಲ್, ರಾಹುಲ್ ಸೇರಿ ಹದಿನೈದೇ ಓವರ್‌ಗೆ ಬೆನ್ನಟ್ಟಿ ಮುಗಿಸಿದರು. ಹತ್ತು ಹದಿನೈದು ರನ್ ಜಾಸ್ತಿ ಇದ್ದರೂ ಗೆಲ್ಲುತ್ತಿದ್ದೆವು ಅನ್ನಿಸುತ್ತದೆ. ದಾಖಲೆ ದೊಡ್ಡದು, ಮ್ಯಾಚಿನ ಮೇಲೆ ಅದರ ಭಾರ ಸಣ್ಣದು.

ನಾನು ಎತ್ತಿ ಹಿಡಿಯುವುದು ಎರಡು ದಿನ ಬಿಟ್ಟು ಅದೇ ಸೂರತ್‌ನಲ್ಲಿ ನಡೆದ ಫೈನಲ್ಲು. ಎದುರು ತಮಿಳುನಾಡು. ನಮ್ಮದು 180, ಅವರಿಗೆ ಕೊನೆಯ ಓವರ್‌ನಲ್ಲಿ 13 ಬೇಕು. ಬೌಲರ್ ಕೃಷ್ಣಪ್ಪ ಗೌತಮ್, ಬ್ಯಾಟ್ ಹಿಡಿದು ನಿಂತವನು ಅಶ್ವಿನ್. ಮೊದಲ ಬಾಲು ಬೌಂಡರಿ. ಎರಡನೇ ಬಾಲೂ ಬೌಂಡರಿ. ನಾಲ್ಕು ಬಾಲು, ಐದು ರನ್. ಟಿವಿ ಆರಿಸುವ ಹೊತ್ತು. ಮೂರನೇ ಬಾಲು ಖಾಲಿ. ನಾಲ್ಕನೆಯದು ಒಂದು. ಐದನೆಯದಕ್ಕೆ ಎರಡನೇ ರನ್ ಓಡಲು ಹೋಗಿ ವಿಜಯ್ ಶಂಕರ್ ರನ್ ಔಟ್. ಕೊನೆಯ ಬಾಲಿಗೆ ಮೂರು ಬೇಕು, ಬಂದದ್ದು ಒಂದು. ಒಂದೇ ರನ್ನಿನ ಗೆಲುವು. ಸತತ ಎರಡನೇ ಸಲ ಆ ಕಪ್ಪು ನಮಗೆ. ಎರಡು ಬೌಂಡರಿ ತಿಂದು ಮೂರನೇ ಬಾಲಿಗೆ ಓಡಿ ಬರುವ ಆಫ್ ಸ್ಪಿನ್ನರ್ ಎದೆಯಲ್ಲಿ ಏನಿರುತ್ತದೆ ಯೋಚಿಸಿ. ಪ್ರಸಾದ್‌ಗೆ ಕೋಪ ಜೊತೆಗಿತ್ತು. ಗೌತಮ್‌ಗೆ ಲೆಕ್ಕ ಮಾತ್ರ.

ಉಪ್ಪಲ್ಲೂ ಪಟ್ಟಿಯಲ್ಲಿ ಬರಬೇಕು ಅಂತ ನಮ್ಮ ಬಿಲ್ಡಿಂಗಿನವರೊಬ್ಬರು ಹಟ ಹಿಡಿದರು. 2014ರ ಫೆಬ್ರವರಿ 2ರಂದು, ಇಲ್ಲೇ, ವಿನಯ್ ಕುಮಾರ್ ನಾಯಕತ್ವದಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ನಿಂದ ಸೋಲಿಸಿ ಕರ್ನಾಟಕ ಹದಿನೈದು ವರ್ಷಗಳ ನಂತರ ರಣಜಿ ಗೆದ್ದದ್ದು. ಮುಂದಿನ ವರ್ಷ ವಾಂಖೆಡೆಯಲ್ಲಿ ಕರುಣ್ ನಾಯರ್ 328 ಹೊಡೆದು ಮತ್ತೆ ಗೆದ್ದದ್ದು. ಎರಡೂ ವರ್ಷ ಇರಾನಿ ಮತ್ತು ವಿಜಯ್ ಹಜಾರೆ ಕೂಡ ನಮಗೇ. ಅದು ಬೆನ್ನುಬೆನ್ನಿನ ಸೀಸನ್ನು, ಬೆನ್ನುಬೆನ್ನಿನ ಏಟಲ್ಲ. ಬೇರೆ ದಿನ ಮಾತಾಡೋಣ.

ರಾಯಚೂರಿನವನು ಇಷ್ಟು ಹೊತ್ತು ಕೇಳಿಸಿಕೊಂಡು ತನ್ನ ಜೋಡಿ ಇಟ್ಟ. 1974ರ ಮಾರ್ಚ್, ಬೆಂಗಳೂರು, ಬಾಂಬೆ ವಿರುದ್ಧ ರಣಜಿ ಸೆಮಿಫೈನಲ್. ಪ್ರಸನ್ನ ಬೌಲ್ಡ್ ಮಾಡಿದ ಗವಾಸ್ಕರ್. ಆಮೇಲೆ ಪಿಚ್ ನಡುವೆ ಜಾರಿ ರನ್ ಔಟಾದ ವಾಡೇಕರ್.

ಸತತ ಬಾಲುಗಳಲ್ಲ ಇವು. ಅದನ್ನು ನಾನೇ ಮೊದಲು ಎತ್ತಿದೆ. ಆದರೂ ಹಿನ್ನೆಲೆ ಕೇಳಿ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಬಾಂಬೆ ಬಿಟ್ಟು ಇನ್ಯಾರೂ ರಣಜಿ ಗೆದ್ದಿರಲಿಲ್ಲ. ನಮ್ಮದು ಮೈಸೂರು ಅನ್ನುವ ಹೆಸರಲ್ಲಿ ಆಡುತ್ತಿದ್ದ ಟೀಮು. 1934ರ ನವೆಂಬರಿನಲ್ಲಿ ಚೆಪಾಕ್‌ನಲ್ಲಿ ನಡೆದ ರಣಜಿಯ ಮೊಟ್ಟಮೊದಲ ಪಂದ್ಯದಲ್ಲಿ ಒಂದೇ ದಿನಕ್ಕೆ ಮದ್ರಾಸಿಗೆ ಸೋತ ಟೀಮು. 1941-42, 1959-60, ಎರಡು ಸಲ ಫೈನಲ್ ತಲುಪಿ ಎರಡು ಸಲವೂ ಬಾಂಬೆಗೇ ಸೋತಿತ್ತು. ಮೈಸೂರು ಅನ್ನುವ ಹೆಸರಲ್ಲಿ ರಣಜಿ ಕಪ್ಪು ಬರಲೇ ಇಲ್ಲ.

1 ನವೆಂಬರ್ 1973ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು. ಟೀಮಿನ ಹೆಸರೂ ಬದಲಾಯಿತು. ನಾಲ್ಕು ತಿಂಗಳ ಮೇಲೆ ಈ ಸೆಮಿಫೈನಲ್.

ನಮ್ಮದು 385: ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮೊದಲ ಇನ್ನಿಂಗ್ಸ್ ಮುನ್ನಡೆ ಯಾರಿಗೋ ಫೈನಲ್ ಅವರಿಗೆ. ಹಾಗಾಗಿ ಇಡೀ ಪಂದ್ಯ ಬಾಂಬೆಯ ಒಂದೇ ಇನ್ನಿಂಗ್ಸಿನ ಮೇಲೆ ನಿಂತಿತ್ತು. ಅದರಲ್ಲಿ ಗವಾಸ್ಕರ್ ಒಂದು ಬಾಗಿಲು, ವಾಡೇಕರ್ ಇನ್ನೊಂದು. ಮೊದಲನೆಯದನ್ನು ಕ್ಯಾಪ್ಟನ್ ಪ್ರಸನ್ನ ಫ್ಲೈಟ್ ಕೊಟ್ಟು ತಿರುಗಿಸಿ ಒಡೆದ. ಎರಡನೆಯದು ಚೆನ್ನಾಗಿ ನೆಲೆ ನಿಂತು ಅರ್ಧಶತಕ ದಾಟಿದ ಮೇಲೆ ತಾನೇ ಜಾರಿತು. ಒಂದು ಕೈಚಳಕ, ಒಂದು ಅದೃಷ್ಟ. ಬಾಂಬೆ 307. ಹದಿನೈದು ವರ್ಷದ ಸರಪಳಿ 78 ರನ್ನಿಗೆ ಕಳಚಿತು.

ಆಗ ಅವನು ಹೇಳಿದ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. "ನಮ್ಮ ಮುತ್ಯಾ ಹುಟ್ಟಿದ್ದು ನಿಜಾಮನ ರಾಜ್ಯದಾಗ. ಅವರಿಗೆ ರಾಜಧಾನಿ ಅಂದ್ರ ಈ ಹೈದರಾಬಾದೇ. ಮೈಸೂರು ಟೀಮ್ ಅಂದ್ರ ಬ್ಯಾರೆ ಮಂದಿ ಟೀಮ್. ನಿಮಗೆ ಹೆಸರು ಬದಲಾತು ಅಷ್ಟ ಅಣ್ಣಾ. ನಮಗ ಆವಾಗ ಟೀಮ್ ಸಿಕ್ಕಿತು."

ನಿಜ. ರಾಯಚೂರು, ಕಲಬುರಗಿ, ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯ. 1937-38ರಲ್ಲೇ ರಣಜಿ ಗೆದ್ದಿದ್ದ ಹೈದರಾಬಾದ್ ಟೀಮು ಕಾಗದದ ಮೇಲೆ ಅವರದೂ ಹೌದು. ಧಾರವಾಡ, ಬೆಳಗಾವಿಯವರು ಆಗ ಬಾಂಬೆ ರಾಜ್ಯದಲ್ಲಿ. ಒಂದೇ ರಾಜ್ಯ ಆದ ಮೇಲೂ ಹದಿನೇಳು ವರ್ಷ ಅದರ ಹೆಸರು ಮೈಸೂರು. ಹಳೇ ಮೈಸೂರಿನವನಾದ ನನಗೆ 1934ರ ಚೆಪಾಕ್ ಸೋಲೂ ನಮ್ಮದೇ ಸೋಲು ಅನ್ನಿಸುತ್ತದೆ, ಅದರಲ್ಲಿ ಯೋಚನೆ ಮಾಡುವಂಥದ್ದೇನಿದೆ ಅಂದುಕೊಂಡಿದ್ದೆ. ಅವನಿಗೆ ಟೀಮಿನ ಚರಿತ್ರೆ ಶುರುವಾಗುವುದೇ ಆ ಎರಡು ವಿಕೆಟ್ಟುಗಳಿಂದ.

ಹಾಗಾಗಿ ನನ್ನ ವೋಟು ಬದಲಾಯಿತು. ಗೌತಮ್ ಓವರ್ ಎರಡನೆಯದು, ಗವಾಸ್ಕರ್–ವಾಡೇಕರ್ ಮೊದಲನೆಯದು. ಸತತ ಬಾಲ್ ಅನ್ನುವ ನಿಯಮ ಸಡಿಲಿಸಿದ್ದಕ್ಕೆ ಶಿವಮೊಗ್ಗದವನು ಇನ್ನೂ ಮುನಿಸಿಕೊಂಡಿದ್ದಾನೆ. ಮಂಡ್ಯದವರು ಸೊಹೇಲ್ ಸ್ಟಂಪು ಬಿಟ್ಟು ಕದಲಿಲ್ಲ.

ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಸೆಮಿಫೈನಲ್ ಆದ ಮೇಲೆ ಫೈನಲ್ ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ. 185 ರನ್ನಿಂದ ಗೆದ್ದರು. ರಣಜಿ ಟ್ರೋಫಿಯ ಮೇಲೆ ಕರ್ನಾಟಕ ಅನ್ನುವ ಹೆಸರು ಬಂದದ್ದು ಆ ಹೆಸರಿನ ಮೊದಲ ಸೀಸನ್ನಿನಲ್ಲೇ.